ಸರ್ವಿಸಿನಲ್ಲಿ ಏನು ಕೆಲಸ ಮಾಡಿದ್ರಿ?

ಕೇಳುಗರಿಗೆ ನಮಸ್ಕಾರ. ಪುಣೆಯ ಖಡ್ಕಿ, ದಿಘಿ, ವಾನವಡಿ ಕಡೆ ಮನೆ ಮಾಡಿಕೊಂಡಿರುವ ನಮ್ಮ ಮಾಜಿ ಸೈನಿಕರ ಹತ್ತಿರ ಇವತ್ತು ನನ್ನ ಮಾತು. ನಾನು ಎದೆರೋಗದ ಡಾಕ್ಟರು. ಹೇಳುವುದು ಒಂದೇ. ಡಾಕ್ಟರ ಹತ್ತಿರ ಹೋದಾಗ ರ‍್ಯಾಂಕ್ ಆಮೇಲೆ ಹೇಳಿ, ಕೈಯಾರೆ ಮಾಡಿದ ಕೆಲಸ ಮೊದಲು ಹೇಳಿ.

ಅಂಕೋಲಾ ಕಡೆಯ ಒಬ್ಬರು ಬಂದಿದ್ದರು. 70 ದಾಟಿದವರು, ನೌಕಾಪಡೆಯಲ್ಲಿದ್ದವರು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. "ಸಿಗರೇಟು?" ಅಂದೆ. "ಬಿಟ್ಟು 20 ವರ್ಷ ಆಯ್ತು" ಅಂದರು. ನಾನೂ ಅಷ್ಟಕ್ಕೇ ಸುಮ್ಮನಾಗಿ ಇನ್‌ಹೇಲರ್ ಬರೆದುಕೊಟ್ಟೆ. ಮೂರನೇ ಸಲ ಹೆಂಡತಿ ಜೊತೆಗೆ ಬಂದರು. ಆ ತಾಯಿ ಹೇಳಿದರು: "ಡಾಕ್ಟ್ರೇ, ಮುಂಬೈಯಲ್ಲಿದ್ದಾಗ ಇವರ ಕೆಲಸದ ಬಟ್ಟೆ, ಆ ಡಾಂಗ್ರಿ ಒಗೆಯುವುದೇ ದೊಡ್ಡ ಕೆಲಸ. ಕೊಡವಿದರೆ ಹತ್ತಿ ಹಿಂಜಿದ ಹಾಗೆ ಬಿಳಿ ಪುಡಿ." ಯಜಮಾನರು ನಕ್ಕರು. "ಅದು ಪೈಪಿಗೆ ಸುತ್ತಿದ ಹೊದಿಕೆಯ, ಲ್ಯಾಗಿಂಗಿನ ಪುಡಿ ಮಾರಾಯ್ತಿ, ಅದನ್ಯಾಕೆ ಇಲ್ಲಿ ಹೇಳ್ತೀಯ?"

ಅದನ್ನೇ ಹೇಳಬೇಕಿತ್ತು! ಹಳೆಯ ಹಡಗುಗಳ ಬಾಯ್ಲರಿಗೆ, ಹಬೆ ಪೈಪಿಗೆ ಸುತ್ತುತ್ತಿದ್ದದ್ದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ರಿಪೇರಿಗೆ ಅದನ್ನು ಕಿತ್ತಾಗ ಕಣ್ಣಿಗೆ ಕಾಣದ ಎಳೆಗಳು ಉಸಿರಿನ ಜೊತೆ ಒಳಗೆ ಹೋಗಿ ಕೂರುತ್ತವೆ. ಕರಗುವುದಿಲ್ಲ. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ, ಕೆಲವರಿಗೆ ಕ್ಯಾನ್ಸರೂ ಬರುತ್ತದೆ. ಸಿಗರೇಟೂ ಸೇರಿದ್ದರಂತೂ ಅಪಾಯ ಎಷ್ಟೋ ಪಟ್ಟು ಜಾಸ್ತಿ. ಕಾಯಿಲೆ ತಲೆ ಎತ್ತುವುದು 20, 30, 40 ವರ್ಷ ಆದಮೇಲೆ. ಅಷ್ಟರಲ್ಲಿ ಪಿಂಚಣಿ ಬಂದು, ಮೊಮ್ಮಕ್ಕಳು ಬಂದು, ಬಾಯ್ಲರ್ ರೂಮ್ ಯಾರಿಗೆ ನೆನಪಿರುತ್ತದೆ? ಸಿ.ಟಿ. ಸ್ಕ್ಯಾನ್ ಮಾಡಿಸಿದೆ. ಗುರುತು ಅಲ್ಲೇ ಇತ್ತು. ಒಗೆದವರ ಮೂಗಿಗೂ ಆ ಪುಡಿ ಹೋಗಿರುತ್ತದೆ, ಹಾಗಾಗಿ ಆ ತಾಯಿಯ ಎಕ್ಸ್‌ರೇಯನ್ನೂ ತೆಗೆಸಿದೆ.

ಕಥೆ ಉದ್ದವಾಯಿತು, ಭೂಸೇನೆಯವರಿಗೆ ಬೇಗ ಹೇಳಿಬಿಡುತ್ತೇನೆ. ಎಂ.ಟಿ.ಯಲ್ಲಿ, ಅಂದರೆ ಸೇನೆಯ ವಾಹನ ವಿಭಾಗದಲ್ಲಿ, ಪೆಟ್ರೋಲಿನಿಂದ ಪಾರ್ಟ್ಸ್ ತೊಳೆದಿದ್ದೀರಾ, ಕೈಯನ್ನೂ ಅದರಲ್ಲೇ? ಅದರೊಳಗಿನ ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲದು. ಮುಚ್ಚಿದ ಶೆಡ್ಡಿನಲ್ಲಿ ಸ್ಪ್ರೇ ಪೇಂಟ್ ಹೊಡೆದಿದ್ದೀರಾ? ಅದನ್ನೂ ಹೇಳಿ. ಅಮೆರಿಕದವರು 1962ರಿಂದ 1971ರವರೆಗೆ ವಿಯೆಟ್ನಾಮಿನ ಕಾಡಿನ ಮೇಲೆ ಎಲೆ ಉದುರಿಸುವ ವಿಷ ಸುರಿದರು. ಅದರಲ್ಲಿದ್ದ ಡಯಾಕ್ಸಿನ್ ಅನ್ನುವ ವಿಷವಸ್ತು ಅವರ ಸೈನಿಕರಿಗೇ ತಾಗಿತು. ವಿಯೆಟ್ನಾಮಿನಲ್ಲಿದ್ದ ದಾಖಲೆ ಇದ್ದರೆ ಕೆಲವು ಕಾಯಿಲೆ ಆ ವಿಷದಿಂದಲೇ ಬಂದದ್ದು ಅಂತ ಒಪ್ಪಿಕೊಳ್ಳುವ ಕಾನೂನು ಬಂದದ್ದು 1991ರಲ್ಲಿ! ಸೈನಿಕ ಎಲ್ಲಿದ್ದ ಅನ್ನುವ ದಾಖಲೆಗೆ ಅಲ್ಲಿ ಅಷ್ಟು ಬೆಲೆ.

ಇ.ಸಿ.ಎಚ್.ಎಸ್., ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕ್ಲಿನಿಕ್ಕಿಗೆ ಹೋಗುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಯಾವ ವರ್ಷ, ಯಾವ ಹಡಗು ಅಥವಾ ಯೂನಿಟ್, ಏನು ಕೆಲಸ, ಏನು ಮುಟ್ಟಿದ್ರಿ, ಬರೆಯಿರಿ. ಸುಮ್ನೆ "ಡ್ಯೂಟಿ ಮಾಡಿದೆ" ಅಂತ ಮಾತ್ರ ಬರೆಯಬೇಡಿ, ದಯವಿಟ್ಟು. ನೆನಪಾಗದಿದ್ದರೆ ಮನೆಯವರನ್ನು ಕೇಳಿ. ಬಟ್ಟೆ ಒಗೆದವರು ಅವರೇ ಅಲ್ವಾ?