ಕಟ್ಟುವುದು, ಮತ್ತೆ ಕಟ್ಟುವುದು

ಕೇಳುಗರಿಗೆ ನಮಸ್ಕಾರ.

"ಕಣ್ಣು ಮುಚ್ಚಿ ಕೂತರೆ ಮನಸ್ಸು ಎಲ್ಲೆಲ್ಲೋ ಓಡುತ್ತದೆ, ನನಗೆ ಧ್ಯಾನ ಆಗಿಬರಲ್ಲ." ಈ ಮಾತನ್ನು ನೀವೂ ಆಡಿರಬಹುದು. ನಾನು ಎಷ್ಟೋ ವರ್ಷ ಹಾಗೇ ನಂಬಿದ್ದೆ. ಪತಂಜಲಿಯ ಯೋಗಸೂತ್ರದ ಮೂರನೆಯ ಪಾದ, ಅಂದರೆ ಮೂರನೆಯ ಅಧ್ಯಾಯ, ಓದಿದ ಮೇಲೆ ಆ ನಂಬಿಕೆ ಬಿಟ್ಟುಹೋಯಿತು.

ಯೋಗಕ್ಕೆ 8 ಅಂಗಗಳು. ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ ಈ ಐದು ಹೊರಗಿನವು. ಧಾರಣೆ, ಧ್ಯಾನ, ಸಮಾಧಿ ಒಳಗಿನವು. ಸೂತ್ರ ಇವನ್ನು ಅಂತರಂಗ ಎಂದೇ ಕರೆಯುತ್ತದೆ.

ಮೊದಲನೆಯದು ಧಾರಣೆ. ಮನಸ್ಸನ್ನು ಒಂದು ಕಡೆ ಕಟ್ಟುವುದು. ಹೊಕ್ಕುಳು, ಎದೆಯ ನಡು, ಮೂಗಿನ ತುದಿ, ಹೀಗೆ ಕೆಲವು ಜಾಗಗಳನ್ನು ಯೋಗಸೂತ್ರದ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯ ಹೇಳುತ್ತದೆ. ಸೂತ್ರದಲ್ಲಿರುವ ಪದ 'ಬಂಧ', ಅಂದರೆ ಕಟ್ಟು. ಓಡಿಹೋಗುವುದನ್ನೇ ಅಲ್ವಾ ನಾವು ಕಟ್ಟುವುದು? ಕಟ್ಟು ಸಡಿಲವಾಗುತ್ತದೆ, ಮನಸ್ಸು ನಿನ್ನೆಯ ಜಗಳಕ್ಕೋ ನಾಳೆಯ ಕೆಲಸಕ್ಕೋ ಹೋಗಿಬಿಡುತ್ತದೆ. ಹೋಗಿದ್ದು ಗೊತ್ತಾದಾಗ ಬೈಯಬೇಡಿ. ಸುಮ್ನೆ ಕರೆದುಕೊಂಡು ಬನ್ನಿ. ಹತ್ತು ನಿಮಿಷದಲ್ಲಿ ಐವತ್ತು ಸಲ ಕರೆತಂದಿರಾ? ಐವತ್ತು ಸಲ ಅಭ್ಯಾಸವಾಯಿತು.

ಹೀಗೆ ಕಟ್ಟುತ್ತಾ ಕಟ್ಟುತ್ತಾ ಯಾವತ್ತೋ ಒಂದು ದಿನ ಮನಸ್ಸು ಅಲ್ಲೇ ಒಂದೇ ಸಮನೆ ಹರಿಯತೊಡಗುತ್ತದೆ. ಅದು ಧ್ಯಾನ. ಇದಕ್ಕೆ ಹಿರಿಯರು ಕೊಟ್ಟ ಹೋಲಿಕೆ ಎಣ್ಣೆಯ ಧಾರೆ. ನೀರು ಸುರಿದರೆ ಹನಿಹನಿಯಾಗಿ ಒಡೆಯುತ್ತದೆ, ಎಣ್ಣೆ ದಾರದ ಹಾಗೆ ಇಳಿಯುತ್ತದೆ. ಆ ಧಾರೆಯನ್ನು ನಾವು ಎಳೆದು ತರಲಾಗದು. ಪಾತ್ರೆಯನ್ನು ಅಲುಗದಂತೆ ಹಿಡಿಯಬಹುದು, ಅಷ್ಟೇ. ಧ್ಯಾನ ಬರಲಿಲ್ಲ ಎಂದು ಕೊರಗುವವರಿಗೆ ನಾನು ಈ ಹೋಲಿಕೆಯನ್ನೇ ಹೇಳುತ್ತೇನೆ.

ಸಮಾಧಿಯ ಬಗ್ಗೆ ಜಾಸ್ತಿ ಮಾತಾಡುವ ಯೋಗ್ಯತೆ ನನಗಿಲ್ಲ. ಸೂತ್ರದ ಒಂದು ಚಿಕ್ಕ ಪದವನ್ನು ಮಾತ್ರ ತೋರಿಸುತ್ತೇನೆ. ಅಲ್ಲಿ ಹಿಡಿದ ವಸ್ತುವೊಂದೇ ಬೆಳಗುತ್ತದೆ, ಮನಸ್ಸು ತನ್ನ ರೂಪವನ್ನೇ ಕಳೆದುಕೊಂಡ 'ಹಾಗೆ' ಇರುತ್ತದೆ. ಕಳೆದುಕೊಂಡಿತು ಎನ್ನಲಿಲ್ಲ, 'ಇವ' ಎಂದರು; ಸಂಸ್ಕೃತದಲ್ಲಿ 'ಇವ' ಅಂದರೆ 'ಹಾಗೆ'. ಎಷ್ಟು ಎಚ್ಚರದ ಮಾತು ನೋಡಿ!

ಈ ಮೂರೂ ಒಂದೇ ವಿಷಯದಲ್ಲಿ ಕೂಡಿದರೆ ಅದಕ್ಕೆ ಸಂಯಮ ಎಂದು ಹೆಸರು. ಇಷ್ಟು ಒಳಗೆ ಬಂದಮೇಲೆ ದಾರಿ ಮುಗಿಯಿತು ಅನ್ನಿಸುತ್ತದೆ. ಆದರೆ ಅದೇ ಪಾದದ 8ನೆಯ ಸೂತ್ರ, ಹಿಡಿಯಲು ಯಾವ ವಸ್ತುವೂ ಉಳಿಯದ ನಿರ್ಬೀಜ ಸಮಾಧಿಯ ಮುಂದೆ ಈ ಮೂರೂ ಇನ್ನೂ ಹೊರಗಿನವೇ ಎನ್ನುತ್ತದೆ.

ನಮಸ್ಕಾರ.