ಕರಾರಾಗಿದೆ, ಮಾರಾಟವಾಗಿಲ್ಲ

ಕೇಳುಗರಿಗೆ ನಮಸ್ಕಾರ.

ಮನೆ ಮಾರಲು ಕರಾರಾಗಿದೆ, ಮುಂಗಡವೂ ಕೈಸೇರಿದೆ. ಆದರೆ ಕರಾರಿನಲ್ಲೊಂದು ಷರತ್ತಿದೆ. ಕೊಳ್ಳುವವರಿಗೆ ಬ್ಯಾಂಕ್ ಸಾಲ ಸಿಗಬೇಕು, ಇಲ್ಲವೇ ಅವರ ಹಳೆಯ ಮನೆ ಮಾರಾಟವಾಗಬೇಕು, ಇಲ್ಲವೇ ತಪಾಸಣೆಯಲ್ಲಿ ದೊಡ್ಡ ದೋಷ ಕಾಣಬಾರದು. ಇತ್ತ ಮಕ್ಕಳ ಪರೀಕ್ಷೆ, ಅಮ್ಮನ ಮೊಣಕಾಲು, ಕಚೇರಿಯ ಕೆಲಸ ಯಾವುದೂ ನಿಲ್ಲುವುದಿಲ್ಲ. ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟು ನಿಂತವರಿಗೆ ನನ್ನದು ಒಂದೇ ಮಾತು. ಷರತ್ತು ಈಡೇರಿದೆ ಎಂದು ಬರಹದಲ್ಲಿ ಬರುವ ತನಕ ನಿಮ್ಮ ಮನೆ ಮಾರಾಟವಾಗಿಲ್ಲ.

ಇವತ್ತೇ ಕರಾರು ತೆಗೆದು ಮೂರು ಸಂಗತಿ ಹುಡುಕಿ. ಷರತ್ತು ಏನು? ಅದರ ಕೊನೆಯ ದಿನ ಯಾವುದು, ಎಷ್ಟು ಗಂಟೆಯೊಳಗೆ? ಯಾರು ಯಾರಿಗೆ ಹೇಗೆ ತಿಳಿಸಬೇಕು? ರಜೆಯ ದಿನಗಳು ಲೆಕ್ಕಕ್ಕೆ ಸೇರುತ್ತವೆಯೇ ಎಂದೂ ನೋಡಿ. ಗಡುವಿನ ದಿನ ಯಾರೂ ಬಾಯಿ ಬಿಡದಿದ್ದರೆ ಏನಾಗುತ್ತದೆ ಎಂದು ವಕೀಲರನ್ನು ಕೇಳಿ. ಕೆಲವು ಕರಾರು ಅಲ್ಲಿಗೇ ಬಿದ್ದುಹೋಗುತ್ತವೆ, ಕೆಲವು ಹಾಗೇ ಮುಂದುವರಿಯುತ್ತವೆ. ಈ ತಾರೀಕನ್ನು ಮಕ್ಕಳ ಪರೀಕ್ಷೆ, ವೈದ್ಯರ ಭೇಟಿ ಬರೆದಿಟ್ಟ ಅದೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಬೇರೆ ಪುಸ್ತಕದಲ್ಲಿ ಬರೆದರೆ ಮರೆತುಹೋಗುತ್ತದೆ.

ಈಗ ಒಂದು ಕುಟುಂಬವನ್ನು ಕಣ್ಣ ಮುಂದೆ ತಂದುಕೊಳ್ಳಿ. 30 ದಿನದ ಗಡುವು, ಸಾಲದ ಷರತ್ತು. ಮುಂಗಡ ಬಂದ ವಾರದಲ್ಲೇ ಬಾಡಿಗೆ ಮನೆ ಹಿಡಿದು ಹಣ ಕಟ್ಟಿದರು. ಅರ್ಧ ಸಾಮಾನು ಪೆಟ್ಟಿಗೆ ಸೇರಿತು. ಕೂಸು ಹುಟ್ಟುವ ಮುನ್ನವೇ ಕುಲಾವಿ! 22ನೇ ದಿನ ಬ್ಯಾಂಕಿನ ಮೌಲ್ಯಮಾಪಕರು ಬಂದರು. ಮಾತಾದ ಬೆಲೆ 100 ಎಂದಿಟ್ಟುಕೊಳ್ಳಿ, ಅವರು ಕಟ್ಟಿದ್ದು 90. ಬ್ಯಾಂಕು ಸಾಲ ಕೊಡುವುದು ಮಾತಾದ ಬೆಲೆಯ ಮೇಲಲ್ಲ, ತಾನು ಕಟ್ಟಿದ ಕಡಿಮೆ ಬೆಲೆಯ ಮೇಲೆ. ನೂರಕ್ಕೆ 80 ಕೊಡುವ ಬ್ಯಾಂಕಾದರೆ 80ರ ಜಾಗದಲ್ಲಿ 72 ಬಂತು. ಕೊಳ್ಳುವವರು ಕೈಯಿಂದ ಹಾಕಬೇಕಾದದ್ದು 20ರಿಂದ 28ಕ್ಕೇರಿತು. ಅವರು ಫೋನಿನಲ್ಲಿ ಇನ್ನೂ 15 ದಿನ ಕೇಳಿದರು. ಇವರು “ಆಗಲಿ ಬಿಡಿ” ಎಂದರು. ಬರಹದಲ್ಲಿ ಒಂದಕ್ಷರವಿಲ್ಲ. ಅಷ್ಟರಲ್ಲಿ ಪೂರ್ತಿ ಹಣ ಕೈಯಲ್ಲಿಟ್ಟುಕೊಂಡ ಇನ್ನೊಬ್ಬರು ಬಂದು ಕೇಳಿದರು. ಹಳಬರ ಗಡುವು ಮುಗಿದಿದೆಯೋ ಮುಂದಕ್ಕೆ ಹೋಗಿದೆಯೋ ಯಾರಿಗೂ ಗೊತ್ತಿಲ್ಲ. ಹೊಸಬರಿಗೆ ಮಾರುವಂತಿಲ್ಲ, ಹಳಬರನ್ನು ಬಿಡುವಂತಿಲ್ಲ. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಮನೆ ಸಾಲದ ಕಂತು. ಅಮ್ಮನ ಮೊಣಕಾಲಿನ ಎಕ್ಸ್-ರೇ ಯಾವುದೋ ಪೆಟ್ಟಿಗೆಯ ತಳದಲ್ಲಿ, ವೈದ್ಯರ ಭೇಟಿಯೂ ತಪ್ಪಿತು.

ಇಲ್ಲಿ ಕೆಟ್ಟದ್ದು ಬ್ಯಾಂಕಿನಿಂದಲ್ಲ. ಮೌಲ್ಯ ಕಡಿಮೆ ಬರುವುದು ಹೊಸದೇನೂ ಅಲ್ಲ. ಮಾರಾಟವಾಗದ ಮನೆಯನ್ನು ಮಾರಿದ್ದೇವೆ ಎಂದು ನಂಬಿದ್ದರಿಂದ ಕೆಟ್ಟಿತು. ಇಷ್ಟು ಹೇಳಿದರೂ ಜನ ಮುಂಗಡ ಬಂದ ಮರುದಿನವೇ ಪೆಟ್ಟಿಗೆ ತರುತ್ತಾರೆ. ದಯವಿಟ್ಟು ತರಬೇಡಿ.

ಸಮಯ ಕಡಿಮೆ ಉಳಿದಿದೆ, ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ಗಡುವು ಮುಂದೂಡುವುದಾದರೆ ಹೊಸ ತಾರೀಕು ಹಾಕಿ ಇಬ್ಬರೂ ಸಹಿ ಮಾಡಿ. ಕೊಳ್ಳುವವರ ಹಳೆಯ ಮನೆ ಮಾರಾಟವಾಗಬೇಕೆಂಬ ಷರತ್ತಿದ್ದರೆ, ಬೇರೆಯವರು ಕೇಳಿ ಬಂದಾಗ ಮೊದಲಿನವರಿಗೆ 72 ಗಂಟೆಯ ನೋಟಿಸು ಕೊಟ್ಟು ಕೊಳ್ಳುತ್ತಾರೋ ಬಿಡುತ್ತಾರೋ ಎಂದು ಕೇಳುವ ಹಕ್ಕನ್ನು ಸಹಿ ಮಾಡುವ ಮೊದಲೇ ಬರೆಸಿಕೊಳ್ಳಿ. ಮುಂಗಡ ಮುಟ್ಟಬೇಡಿ, ಷರತ್ತು ಈಡೇರದಿದ್ದರೆ ಸಾಮಾನ್ಯವಾಗಿ ಅದನ್ನು ಹಿಂದಿರುಗಿಸಬೇಕು. ಬೀಗದ ಕೈ “ಸ್ವಲ್ಪ ಸಾಮಾನು ಇಡುತ್ತೇವೆ” ಎಂದರೂ ಕೊಡಬೇಡಿ. ಮನೆಯ ವಿಮೆ ನಡೆಯುತ್ತಿರಲಿ. ನಲ್ಲಿ ಸೋರಿದರೆ ರಿಪೇರಿ ಮಾಡಿಸಿ ರಸೀದಿ ಇಟ್ಟುಕೊಳ್ಳಿ. ವ್ಯವಹಾರದ ಫೋನುಗಳಿಗೆ ಮನೆಯಲ್ಲಿ ಒಬ್ಬರೇ ಉತ್ತರಿಸಲಿ, ಸಂಜೆ ಅರ್ಧ ಗಂಟೆ ಸಾಕು. ಉಳಿದ ಹೊತ್ತು ಮಕ್ಕಳ ಪಾಠಕ್ಕೆ, ಅಮ್ಮನ ಔಷಧಿಗೆ ಇರಲಿ. ಔಷಧಿ ಚೀಟಿ, ಎಕ್ಸ್-ರೇ, ಅಂಕಪಟ್ಟಿ ಒಂದು ಚೀಲದಲ್ಲಿರಲಿ, ಆ ಚೀಲ ಯಾವ ಪೆಟ್ಟಿಗೆಗೂ ಹೋಗದಿರಲಿ.

ಷರತ್ತು ಈಡೇರಿದೆ ಎಂಬ ಪತ್ರ ಸಹಿಯೊಂದಿಗೆ ಬಂದ ದಿನ ಅದರ ಪ್ರತಿಯನ್ನು ವಕೀಲರಿಗೆ ಕಳಿಸಿ. ಅವರು ಸರಿ ಎಂದ ಮೇಲೆ ಲಾರಿಯವರಿಗೆ ಫೋನು ಮಾಡಿ. ನಮಸ್ಕಾರ.