ಕಾಕಾನ ಕರಿ ಟ್ರಂಕು

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯವನು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪದ್ಧತಿ ಇದೆ. ಸೇನೆಯಿಂದ ನಿವೃತ್ತಿಯಾಗಿ ಯಾರಾದರೂ ಬಂದರೆ ಸುಮ್ನೆ ಮನೆಗೆ ಹೋಗಲು ಬಿಡುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲೇ ಹಿಡಿದು ತೆರೆದ ಜೀಪು ಹತ್ತಿಸುತ್ತೇವೆ, ಮುಂದೆ ಡೊಳ್ಳು, ಹಿಂದೆ ಶಾಲೆ ಮಕ್ಕಳು, ಅಗಸಿಯಲ್ಲಿ ಆರತಿ, ಮಾಲೆಗಳ ನಡುವೆ ಆ ಮನುಷ್ಯನ ಮುಖವೇ ಕಾಣುವುದಿಲ್ಲ.

ನಮ್ಮ ಓಣಿಯ ಕಾಕಾ ಬಂದಾಗಲೂ ಹೀಗೇ ಆಯಿತು. ಅವರ ಹೆಸರು ಹೇಳುವುದಿಲ್ಲ, ಮನೆಯವರಿಗೆ ಇಷ್ಟ ಇಲ್ಲ. ಬೆಳಗಾವಿ ಕ್ಯಾಂಪಿನಲ್ಲೇ ತರಬೇತಿ ಮುಗಿಸಿ ಮರಾಠಾ ಲೈಟ್ ಇನ್‌ಫೆಂಟ್ರಿ ಸೇರಿದವರು. 17 ವರ್ಷದ ಮೇಲೆ ಹವಾಲ್ದಾರ್ ಆಗಿ ವಾಪಸ್ ಬಂದರು. ಜೊತೆಗೆ ಒಂದು ಕರಿ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು.

ನಮಗೆಲ್ಲ ಒಂದು ತಪ್ಪು ಕಲ್ಪನೆ ಇದೆ, ಪಿಂಚಣಿ ಬಂತಲ್ಲ, ಇನ್ನೇನು ಆರಾಮ ಅಂತ. ಸಿಪಾಯಿಯಾಗಿ ಸೇರಿದವರು ಬಹಳಷ್ಟು ಜನ ನಲವತ್ತು ತುಂಬುವ ಮೊದಲೇ ಹೊರಗೆ ಬರುತ್ತಾರೆ. ಮಕ್ಕಳು ಆಗಿನ್ನೂ ಹೈಸ್ಕೂಲು, ಮನೆ ಕಟ್ಟಿದ ಸಾಲ ತೀರಿರುವುದಿಲ್ಲ. ಹಾಗಾಗಿ ಒಬ್ಬರು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂರುತ್ತಾರೆ, ಇನ್ನೊಬ್ಬರು ಮಾಜಿ ಸೈನಿಕರ ಕೋಟಾದಲ್ಲಿ ಪೊಲೀಸ್ ಪರೀಕ್ಷೆ ಬರೆಯುತ್ತಾರೆ. ಕಾಕಾ ಪರೀಕ್ಷೆ ಬರೆದರು. ಕೈಕೆಳಗೆ ಹತ್ತು ಜನರನ್ನು ಇಟ್ಟುಕೊಂಡಿದ್ದವರು ಮತ್ತೆ ಪೇದೆಯಾದರು. ಮೀಸೆ ಆಗಷ್ಟೇ ಚಿಗುರಿದ ಹುಡುಗರ ಸಾಲಿನಲ್ಲಿ ನಿಂತು ಎಡ ಬಲ ಹಾಕಿದರು.

ಆಮೇಲೆ ಏನಾಯಿತು ನೋಡಿ. ಜೀಪಿನಲ್ಲಿ ಮೆರವಣಿಗೆ ಮಾಡಿದ ಅದೇ ಜನ, ನನ್ನನ್ನೂ ಸೇರಿಸಿ, ಅವರು ಹೆಲ್ಮೆಟ್ ಕೇಳಿದ ದಿನ ಮುಖ ಸಿಂಡರಿಸಿದೆವು. ಗಾಡಿ ಅಡ್ಡ ಹಾಕಿದ್ದಕ್ಕೆ ನಾನು ಎರಡು ದಿನ ಅವರ ಜೊತೆ ಮಾತೇ ಬಿಟ್ಟಿದ್ದೆ. ಒಮ್ಮೆ ಕೇಳಿದೆ, ಕಾಕಾ, ಯಾವ ಕೆಲಸ ಕಷ್ಟ ಅಂತ. ಅವರು ಚಹಾ ಬಸಿಗೆ ಸುರಿಯುತ್ತಾ ಅಂದರು: "ಅಲ್ಲಿ ವೈರಿ ಯಾರಂತ ಗೊತ್ತಿರತೈತಿ. ಇಲ್ಲಿ ಎದುರಿಗೆ ನಿಂತಾವ ನಮ್ಮಾವನ ಇರ್ತಾನ, ಏನ್ ಮಾಡೋದು?"

ಅವರು ಹೋದದ್ದು ಹೆದ್ದಾರಿಯಲ್ಲಿ. ಪುಣೆ-ಬೆಂಗಳೂರು ರಸ್ತೆ, ಮಳೆಗಾಲದ ರಾತ್ರಿ. ಒಂದು ಕಾರು ಡಿವೈಡರಿಗೆ ಹೊಡೆದು ನಿಂತಿತ್ತು. ಒಳಗಿದ್ದವರನ್ನು ಎಳೆದು ಬದಿಗೆ ಕೂರಿಸಿ, ಹಿಂದಿನಿಂದ ಬರುವ ಗಾಡಿಗಳಿಗೆ ಟಾರ್ಚ್ ತೋರಿಸುತ್ತಾ ನಿಂತರು. ಒಂದು ಲಾರಿಗೆ ಅದು ಕಾಣಲಿಲ್ಲ. ಅಷ್ಟೇ.

ಸರ್ಕಾರಿ ಗೌರವದಲ್ಲಿ ಅಂತ್ಯಕ್ರಿಯೆ ಆಯಿತು. ಬಂದೂಕುಗಳನ್ನು ತಲೆಕೆಳಗೆ ಹಿಡಿದು ನಿಂತರು, ಮೂರು ಸುತ್ತು ಗುಂಡು ಹಾರಿಸಿದರು, ಬಿಗಲ್ ಊದಿದರು. ಮೊದಲ ಸುತ್ತಿಗೇ ಬೇವಿನ ಗಿಡದ ಕಾಗೆಗಳೆಲ್ಲ ಎದ್ದುಹೋದವು. ಮರುದಿನ ಚಹಾದಂಗಡಿಯಲ್ಲಿ ಒಬ್ಬರು ಮೆಲ್ಲಗೆ ಕೇಳಿದರು, "ಇದು ಅಪಘಾತ ಅಲ್ವಾ? ಹುತಾತ್ಮ ಅಂತ ಹೇಗೆ ಅನ್ನೋದು?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಗಡಿಯಲ್ಲಿ ಸತ್ತಿದ್ದರೆ ಯಾರೂ ಕೇಳುತ್ತಿರಲಿಲ್ಲ, ಅದೇ ನನಗೆ ಚುಚ್ಚಿದ್ದು.

ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. ಅದು ಯಾಕೆ ಆ ದಿನ ಅಂತ ನನಗೂ ಮೊದಲು ಗೊತ್ತಿರಲಿಲ್ಲ. 1959ರಲ್ಲಿ ಲಡಾಖ್ ಗಡಿ ಕಾಯುತ್ತಿದ್ದದ್ದು ಪೊಲೀಸರು. ಹಾಟ್ ಸ್ಪ್ರಿಂಗ್ಸ್ ಎಂಬ ಜಾಗದಿಂದ ಹಿಂದಿನ ದಿನ ಮೂರು ತಂಡ ಗಸ್ತಿಗೆ ಹೋಗಿದ್ದವು, ಎರಡು ಬಂದವು, ಒಂದು ಬರಲಿಲ್ಲ. ಇಬ್ಬರು ಪೇದೆಗಳು, ಒಬ್ಬ ಹಮಾಲ. ಅವರನ್ನು ಹುಡುಕಲು ಮರುದಿನ ಕರಮ್ ಸಿಂಗ್ ಎಂಬ ಅಧಿಕಾರಿ ಸುಮಾರು ಇಪ್ಪತ್ತು ಜನರನ್ನು ಕರೆದುಕೊಂಡು ಹೊರಟರು. ಗುಡ್ಡದ ಮೇಲಿಂದ ಚೀನಾ ಸೈನಿಕರು ಗುಂಡು ಹಾರಿಸಿದರು. 10 ಜನ ಸತ್ತರು. ಅವರ ಶವ ಕೈಗೆ ಸಿಕ್ಕಿದ್ದು ಮೂರು ವಾರ ಕಳೆದು, ನವೆಂಬರ್ 13ಕ್ಕೆ. ಯುದ್ಧ ಮಾಡಲು ಹೋದವರಲ್ಲ ಅವರು, ಕಾಣೆಯಾದವರನ್ನು ಹುಡುಕಲು ಹೋದವರು. ಅದು ಅಪ್ಪಟ ಪೊಲೀಸ್ ಕೆಲಸ.

ಸಿಪಾಯಿ ಬೇರೆ, ಪೊಲೀಸ್ ಬೇರೆ ಅಂತ ಗೆರೆ ಹಾಕುವುದು ನಮ್ಮ ಕಡೆ ಹಳೆ ಪದ್ಧತಿಯೂ ಅಲ್ಲ. ಸಂಗೊಳ್ಳಿ ರಾಯಣ್ಣ ಯಾರು? ಕಿತ್ತೂರಿನ ಶೇತಸನದಿ. ಅಂದರೆ ಊರು ಕಾಯುವ ಕೆಲಸಕ್ಕೆ ಹೊಲ ಪಡೆದವನು, ಸಂಸ್ಥಾನ ಕರೆದರೆ ಯುದ್ಧಕ್ಕೂ ಹೋಗಬೇಕು. 1831ರಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಆ ಸ್ಥಳಕ್ಕೆ ಇವತ್ತಿಗೂ ಹರಕೆ ಹೊತ್ತು ಹೋಗುವವರಿದ್ದಾರೆ, ಅವನು ಕಾವಲುಗಾರನೋ ಸೈನಿಕನೋ ಅಂತ ಯಾರೂ ಕೇಳುವುದಿಲ್ಲ.

ವೀರಗಲ್ಲುಗಳನ್ನೇ ನೋಡಿ. ಕೆಳಗೆ ಹೊಡೆದಾಟ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಕೂತ ವೀರ. ಅವುಗಳಲ್ಲಿ ಎಷ್ಟೋ ಕಲ್ಲು ರಾಜರ ಯುದ್ಧದವಲ್ಲ, ತುರುಗೋಳ್ ಕಲ್ಲುಗಳು. ದನ ಹೊಡೆದುಕೊಂಡು ಹೋಗುವ ಕಳ್ಳರನ್ನು ಅಟ್ಟಿಸಿಕೊಂಡು ಹೋಗಿ ಸತ್ತವನಿಗೆ ಊರವರು ನಿಲ್ಲಿಸಿದ್ದು. ನಾಲ್ಕು ಎಮ್ಮೆ ಉಳಿಸಲು ಹೋದವನಿಗೂ ಅಪ್ಸರೆಯರನ್ನು ಕೆತ್ತಿಸಿದರು ನಮ್ಮ ಹಿರಿಯರು. ನಾವು ಚಹಾದಂಗಡಿಯಲ್ಲಿ ಕೂತು ಅಪಘಾತವೋ ಏನೋ ಅಂತ ಲೆಕ್ಕ ಹಾಕುತ್ತೇವೆ.

ಕಾಕಾನ ಮನೆಯಲ್ಲಿ ಆ ಟ್ರಂಕು ಇನ್ನೂ ಇದೆ. ಹಸಿರು ಅಂಗಿ, ಖಾಕಿ ಅಂಗಿ ಎರಡೂ ಒಳಗಿವೆ. ಅವರ ಹೆಂಡತಿ, ನಮ್ಮ ಕಾಕು, ನುಸಿಗುಳಿಗೆ ಹಾಕಿ ಇಟ್ಟಿದ್ದಾರೆ. ಮಗ ದೊಡ್ಡವನಾಗಿದ್ದಾನೆ, ಯಾವುದು ಸೇರುತ್ತೀ ಅಂತ ಓಣಿಯವರು ಕೇಳಿದರೆ ಕಾಕು ಮಾತು ಬದಲಿಸುತ್ತಾರೆ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ.

ಮೊನ್ನೆ ರಾತ್ರಿ ಅದೇ ಹೆದ್ದಾರಿಯಲ್ಲಿ ಬರುತ್ತಿದ್ದೆ. ಸಣ್ಣಗೆ ಮಳೆ. ಒಬ್ಬ ಹುಡುಗ ಪೇದೆ ಟಾರ್ಚ್ ಬೀಸಿದ, ನಿಲ್ಲಿಸಿದೆ. ಮೈಮೇಲೆ ಬೆಳಕಿಗೆ ಮಿಂಚುವ ಜಾಕೆಟ್ ಇತ್ತು. ಕಾಗದ ನೋಡಿ ವಾಪಸ್ ಕೊಟ್ಟ. "ತಮ್ಮಾ, ಜಾಕೆಟ್ ಹಾಕ್ಕೊಂಡಿ, ಚಲೋ ಆತು" ಅಂದೆ. ಅವನಿಗೆ ತಿಳಿಯಲಿಲ್ಲ. ಹಿಂದೆ ಗಾಡಿ ನಿಂತಾವ ರೀ, ಮುಂದ ಹೋಗ್ರಿ ಅಂತ ಕೈ ಬೀಸಿದ.